ಹಡಗಿನಲ್ಲಿ ಹನ್ನೆರಡು ರಾತ್ರಿಯ ಸಂಸಾರ

ನಮ್ಮ ಮನೆಯ ವರ್ಷ ತೊಗರಿಯ ಜೊತೆ ತಿರುಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾಲು ಬರುತ್ತದೆ, ದಾಲ್ ಮಿಲ್ಲಿಗೆ ಬಿಡುವಿಲ್ಲ. ಇವರು ಮನೆಗೆ ಊಟಕ್ಕೆ, ನಿದ್ದೆಗೆ ಮಾತ್ರ ಬರುತ್ತಾರೆ. ಮೂವತ್ತೈದು ವರ್ಷ ಹೀಗೇ ನಡೆಯಿತು. ಮಗ ಮಿಲ್ ವಹಿಸಿಕೊಂಡ ವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ, ಕಲಬುರಗಿಯಲ್ಲಿ 43 ಡಿಗ್ರಿ ಬಿಸಿಲು ಇದ್ದಾಗ, "ತಣ್ಣಗಿರುವ ಕಡೆ ಎಲ್ಲಿಗಾದರೂ ಹೋಗೋಣ" ಅಂದರು. ನಾನು ಊಟಿ ಅಂದುಕೊಂಡೆ. ಇವರು ನಾರ್ವೆ ಅಂದರು. ಹಡಗಿನಲ್ಲಿ.

ಮುಂದಿನ ವರ್ಷ ಜೂನ್‌ನಲ್ಲಿ ಹೋಗಿ ಬಂದೆವು. ಊರಿನಲ್ಲಿ ಎಲ್ಲರೂ ಮಧ್ಯರಾತ್ರಿಯ ಸೂರ್ಯನ ಬಗ್ಗೆ ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಹೋಗುವ ಮೊದಲು ನನಗೆ ತಿಳಿಯಬೇಕಾಗಿದ್ದದ್ದು ಬೇರೆ. ಅಡುಗೆ ಇಲ್ಲ, ಮಿಲ್ ಇಲ್ಲ, ಬಾಗಿಲಿಗೆ ಬರುವ ಜನ ಇಲ್ಲ. ಒಂದು ಕೋಣೆಯಲ್ಲಿ ಗಂಡ ಹೆಂಡತಿ ಹನ್ನೆರಡು ರಾತ್ರಿ ಇದ್ದು ದಿನ ಹೇಗೆ ಕಳೆಯುತ್ತಾರೆ? ಅದನ್ನು ಯಾರೂ ಹೇಳಿರಲಿಲ್ಲ.

ಮೊದಲು ಕಾಗದಪತ್ರದ ಕೆಲಸ. ನಮ್ಮ ಹಡಗು ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಹೊರಟು ಅಲ್ಲಿಗೇ ವಾಪಸ್ ಬರುವುದಿತ್ತು. ಹತ್ತುವುದು ಡೆನ್ಮಾರ್ಕ್ ಆದ್ದರಿಂದ ವೀಸಾ ಅಲ್ಲಿಯದೇ ಅಂತ ಒಬ್ಬ ಏಜೆಂಟ್ ಹೇಳಿದರು. ಅದು ತಪ್ಪು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ. ಅದರಲ್ಲಿ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೇವೋ ಆ ದೇಶಕ್ಕೇ ಅರ್ಜಿ ಹಾಕಬೇಕು. ನಮ್ಮದು ನಾರ್ವೆ. ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿ ಇದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕೇ ಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಹಡಗು ಇಂಗ್ಲೆಂಡಿನಿಂದ ಹೊರಡುವುದಾದರೆ ಬ್ರಿಟನ್ ವೀಸಾ ಬೇರೆ ಮಾಡಿಸಬೇಕು. ಅದನ್ನು ನೋಡಿಕೊಂಡೇ ಟಿಕೆಟ್ ಆರಿಸಿ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಇಬ್ಬರಿಗೂ ಸೇರಿ ಒಂದು ಒಳ್ಳೆಯ ಕಾರಿನ ಬೆಲೆ ಆಯಿತು. ನಮ್ಮದು ಚಿಕ್ಕ ಹಡಗು, ಊಟ, ಟಿಪ್ಸ್, ಮದ್ಯ ಎಲ್ಲ ಸೇರಿದ ಟಿಕೆಟ್. ನಾವು ಮದ್ಯ ಮುಟ್ಟುವುದಿಲ್ಲ. ಕುಡಿಯದವರಿಗೆ ಈ ತರಹದ ಟಿಕೆಟ್ ಸ್ವಲ್ಪ ನಷ್ಟವೇ. ದೊಡ್ಡ ಹಡಗುಗಳಲ್ಲಿ ಬರೀ ಊಟ, ಕೋಣೆಯ ಲೆಕ್ಕದಲ್ಲಿ ಕಡಿಮೆಗೆ ಸಿಗುತ್ತದೆ. ಆದರೆ ಸಾವಿರಾರು ಜನರ ಮಧ್ಯೆ ಇವರಿಗೆ ಆಗುವುದಿಲ್ಲ, ಅದಕ್ಕೇ ಚಿಕ್ಕದು ಆರಿಸಿದೆವು.

ಕೋಣೆ ಎಲ್ಲಿ ಅನ್ನುವುದು ನಾನು ಕೂತು ಲೆಕ್ಕ ಹಾಕಿದ ವಿಷಯ. ಹಡಗಿನ ಮಧ್ಯಭಾಗ, ಕೆಳಗಿನ ಡೆಕ್. ಅಲ್ಲಿ ಅಲುಗಾಟ ಕಡಿಮೆ. ಉತ್ತರಕ್ಕೆ ಹೋಗುವಾಗ ನಾರ್ವೆಯ ದಡ ಬಲಗಡೆ, ವಾಪಸ್ ಬರುವಾಗ ಎಡಗಡೆ. ಹೋಗುವಾಗ ಕುತೂಹಲ ಜಾಸ್ತಿ ಅಲ್ವಾ? ಬಲಗಡೆಯದೇ ತೆಗೆದುಕೊಂಡೆವು.

ಹಡಗು ಹೊರಡುವುದಕ್ಕೆ ಒಂದು ದಿನ ಮೊದಲೇ ಕೋಪನ್‌ಹೇಗನ್ ಸೇರಿದ್ದು ಒಳ್ಳೆಯದಾಯಿತು. ವಿಮಾನದಲ್ಲಿ ನಮ್ಮ ಒಂದು ಸೂಟ್‌ಕೇಸ್ ಹಿಂದೆ ಉಳಿದಿತ್ತು. ಬೆಚ್ಚನೆಯ ಬಟ್ಟೆಯೆಲ್ಲ ಅದರಲ್ಲೇ. ಮರುದಿನ ಬೆಳಿಗ್ಗೆ ಹೋಟೆಲಿಗೆ ಬಂತು. ಅದೇ ದಿನ ಹಡಗು ಹತ್ತಬೇಕಾಗಿದ್ದರೆ ಸೂಟ್‌ಕೇಸ್ ಡೆನ್ಮಾರ್ಕಿನಲ್ಲಿ, ನಾವು ಸಮುದ್ರದಲ್ಲಿ. ಇವರ ಸಕ್ಕರೆ ಕಾಯಿಲೆಯ ಮಾತ್ರೆ, ನನ್ನ ಬಿ.ಪಿ. ಮಾತ್ರೆ ನನ್ನ ಹೆಗಲ ಚೀಲದಲ್ಲೇ ಇದ್ದವು. ಮಾತ್ರೆಗಳನ್ನು ಯಾವತ್ತೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ.

ಹತ್ತಿದ ದಿನ ಮೊದಲ ಕೆಲಸ ಸುರಕ್ಷತೆಯ ಪಾಠ. ಏಳು ಸಣ್ಣ ಸೈರನ್, ಆಮೇಲೆ ಒಂದು ಉದ್ದನೆಯದು. ಅದು ಕೇಳಿದರೆ ಎಲ್ಲಿ ಹೋಗಿ ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅಂತ ತೋರಿಸಿದರು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿತ್ತು. ಆಮೇಲೆ ನಿಯಮ ಬಿಗಿ ಮಾಡಿದ್ದಾರೆ, ಹಡಗು ಹೊರಡುವುದಕ್ಕೆ ಮೊದಲು, ಇಲ್ಲವೇ ಹೊರಟ ಕೂಡಲೇ ಈ ಪಾಠ ಆಗಬೇಕು. ಕೋಣೆಗೆ ಬಂದು ಓದಿದ ಇನ್ನೊಂದು ನಿಯಮ ನನ್ನನ್ನು ಒಂದು ನಿಮಿಷ ನಿಲ್ಲಿಸಿತು. ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಅಂದರೆ ದೀಪ ಇಲ್ಲ, ಊದುಬತ್ತಿ ಇಲ್ಲ, ಕರ್ಪೂರ ಇಲ್ಲ. ಆಮೇಲೆ ಸಮಾಧಾನ ಆಯಿತು. ಇಷ್ಟಲಿಂಗಕ್ಕೆ ಅಂಗೈ ಸಾಕು, ವಿಭೂತಿ ಸಾಕು.

ಎರಡನೆಯ ದಿನ ಪೂರ್ತಿ ಸಮುದ್ರ. ಅಲೆ ಇತ್ತು. ಇವರು ಮಲಗಿಬಿಟ್ಟರು. ಊರಿನ ಡಾಕ್ಟರ್ ಕೊಟ್ಟಿದ್ದ ಮಾತ್ರೆ ತೆಗೆದುಕೊಂಡರು, ಒಣ ಶುಂಠಿ ಬಾಯಲ್ಲಿ ಇಟ್ಟುಕೊಂಡರು. ಹಡಗಿನ ಹುಡುಗ ಹಸಿರು ಸೇಬು, ಉಪ್ಪಿನ ಬಿಸ್ಕತ್ತು ತಂದುಕೊಟ್ಟ. ಸ್ವಲ್ಪ ಏಳುವಂತಾದ ಮೇಲೆ ಬಾಲ್ಕನಿಯಲ್ಲಿ ಕೂರಿಸಿ, ಆಕಾಶ ನೀರು ಸೇರುವ ಗೆರೆಯನ್ನೇ ನೋಡುತ್ತಿರಿ ಅಂದೆ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಫ್ಯೋರ್ಡ್‌ಗಳ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕವಲುಗಳ, ಒಳಗೆ ಹೋದ ಮೇಲೆ ನೀರು ನಮ್ಮ ಕಲಬುರಗಿಯ ಅಪ್ಪನ ಕೆರೆಯ ಹಾಗೆ ಸುಮ್ಮನಿರುತ್ತದೆ, ತೊಂದರೆ ಏನೂ ಇಲ್ಲ.

ಆವತ್ತು ಇವರು ಮಲಗಿದ್ದಾಗ ನನಗೆ ನನ್ನ ತೊಂದರೆ ಗೊತ್ತಾಯಿತು. ಕೈಗೆ ಕೆಲಸ ಇಲ್ಲ. ಹಾಸಿಗೆ ಮಡಚುವಷ್ಟರಲ್ಲಿ ಹುಡುಗಿ ಬಂದು "ಬಿಡಿ ಮೇಡಂ" ಅನ್ನುತ್ತಾಳೆ. ತಟ್ಟೆ ಎತ್ತಿದರೆ ಇನ್ನೊಬ್ಬರು ಓಡಿ ಬರುತ್ತಾರೆ. ಮೂವತ್ತೈದು ವರ್ಷ ನಾನು ಬಡಿಸಿದವಳು. ಬಡಿಸಿಕೊಂಡು ಕೂರುವುದು ಮೊದಲ ಮೂರು ದಿನ ನನಗೆ ಭಾರವೇ ಆಯಿತು. ಇದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮುಂಚೆಯೇ ಹೇಳುತ್ತೇನೆ, ಏನಾದರೂ ಕೈಕೆಲಸ ತೆಗೆದುಕೊಂಡು ಹೋಗಿ. ನಾನು ಕೌದಿ ಹೊಲಿಯಲು ಹಳೆಯ ಇಳಕಲ್ ಸೀರೆಗಳ ತುಂಡು, ಸೂಜಿ, ದಾರ, ಪುಟ್ಟ ಕತ್ತರಿ ಇಟ್ಟುಕೊಂಡಿದ್ದೆ. ಅದೇ ನನ್ನನ್ನು ಉಳಿಸಿತು.

ಮೂರನೆಯ ದಿನ ನಾರ್ವೆಯ ಬರ್ಗನ್ ಊರು. ಮರದ ಹಳೆಯ ಮಳಿಗೆಗಳ ಸಾಲು, ಸಣ್ಣ ಮಳೆ, ಬೇಗ ವಾಪಸ್ ಬಂದೆವು. ನಾಲ್ಕನೆಯ ದಿನ ಗೈರಾಂಗರ್ ಫ್ಯೋರ್ಡ್. ಎರಡೂ ಕಡೆ ನೇರ ಎದ್ದ ಬೆಟ್ಟ, ಮಧ್ಯೆ ಹಡಗು. ಏಳು ಅಕ್ಕತಂಗಿಯರು ಅನ್ನುವ ಜಲಪಾತ ಒಂದು ಕಡೆ, ಎದುರಿಗೆ ವರ ಅನ್ನುವ ಜಲಪಾತ. ನನ್ನ ಕಣ್ಣು ನಿಂತದ್ದು ಬೆಟ್ಟದ ಅಂಚಿನ ಹಳೆಯ ಹೊಲದ ಮನೆಗಳ ಮೇಲೆ. ಸ್ಕಾಗೆಫ್ಲೋ ಅನ್ನುವ ಮನೆ ನೀರಿನಿಂದ ಸುಮಾರು 250 ಮೀಟರ್ ಮೇಲಿದೆ. ಅಲ್ಲಿ ಆಡು ಸಾಕಿ, ಹುಲ್ಲು ಕೊಯ್ದು ಸಂಸಾರ ಮಾಡಿದ್ದಾರೆ. ಕಂದಾಯದವರು ಬಂದರೆ ಏಣಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು ಅಂತ ಅಲ್ಲಿನ ಜನ ಹೇಳುತ್ತಾರೆ. 1993ರಲ್ಲಿ ನಾರ್ವೆಯ ರಾಜ ಹರಾಲ್ಡ್, ರಾಣಿ ಸೋನ್ಯಾ ತಮ್ಮ ಮದುವೆಯ 25ನೇ ವರ್ಷವನ್ನು ಆ ಮನೆಯಲ್ಲೇ ಆಚರಿಸಿದರಂತೆ. ಅರಮನೆ ಬಿಟ್ಟು ಆ ಕಡಿದಾದ ಹೊಲಕ್ಕೆ. ನಮ್ಮ 25ನೇ ವರ್ಷ ಇವರು ಮಿಲ್ಲಿನಲ್ಲಿದ್ದರು. ಹಾಗಂತ ಹೇಳಿದೆ. ಇವರು ಏನೂ ಅನ್ನಲಿಲ್ಲ, ನನ್ನ ಕೈ ಹಿಡಿದುಕೊಂಡೇ ಡೆಕ್ ಮೇಲೆ ಬಹಳ ಹೊತ್ತು ನಿಂತರು.

ಐದನೆಯ ರಾತ್ರಿಯಿಂದ ನಿಜವಾದ ಪರೀಕ್ಷೆ. 66 ಡಿಗ್ರಿ 33 ನಿಮಿಷ ಉತ್ತರ ಅಕ್ಷಾಂಶದ ಗೆರೆ, ಆರ್ಕ್ಟಿಕ್ ವೃತ್ತ, ದಾಟಿದೆವು. ಹಡಗಿನವರು ದಾಟಿದವರ ಬೆನ್ನಿಗೆ ಐಸ್ ಹಾಕುವ ಪದ್ಧತಿ ಇಟ್ಟುಕೊಂಡಿದ್ದಾರೆ. ಇಬ್ಬರೂ ಹಾಕಿಸಿಕೊಂಡೆವು. ಅಲ್ಲಿಂದ ಐದು ರಾತ್ರಿ ಸೂರ್ಯ ಮುಳುಗಲಿಲ್ಲ. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಊರು. ನಮಗೆ ಹೊತ್ತು ಮುಳುಗಿತು ಅಂದರೆ ದೀಪ ಹಚ್ಚುವುದು, ಬಾಗಿಲು ಮುಂದೆ ಮಾಡುವುದು, ಊಟ. ಇಲ್ಲಿ ಹೊತ್ತು ಮುಳುಗುವುದೇ ಇಲ್ಲ. ಮೊದಲ ರಾತ್ರಿ ಎರಡು ಗಂಟೆಯವರೆಗೆ ಡೆಕ್ ಮೇಲೆ ಓಡಾಡಿದೆವು. ಎರಡನೆಯ ರಾತ್ರಿಯೂ ಹಾಗೇ. ಮೂರನೆಯ ದಿನ ಇಬ್ಬರಿಗೂ ಸಿಟ್ಟು, ತಲೆನೋವು, ಇವರ ಸಕ್ಕರೆ ಏರುಪೇರು. ಅವತ್ತು ಕೂತು ನಿರ್ಧಾರ ಮಾಡಿದೆವು. ಸೂರ್ಯನನ್ನು ನಂಬಿದರೆ ಆಗುವುದಿಲ್ಲ, ನಮ್ಮ ದಿನಕ್ಕೆ ನಾವೇ ಗೆರೆ ಎಳೆಯಬೇಕು.

ಎಳೆದ ಗೆರೆ ಇಷ್ಟೇ. ಬೆಳಿಗ್ಗೆ ಆರಕ್ಕೆ ಸ್ನಾನ, ಪೂಜೆ. ಪೂಜೆ ಆಯಿತು ಅಂದರೆ ಬೆಳಗಾಯಿತು. ಎಂಟಕ್ಕೆ ತಿಂಡಿ, ಮಾತ್ರೆ. ಭಾರತದ ಗಡಿಯಾರ ಅಲ್ಲಿಗಿಂತ ಮೂರೂವರೆ ಗಂಟೆ ಮುಂದೆ, ಮಾತ್ರೆಯ ಹೊತ್ತು ಬದಲಾಯಿಸುವುದು ಹೇಗೆ ಅಂತ ಹೋಗುವ ಮುಂಚೆಯೇ ಡಾಕ್ಟರರ ಹತ್ತಿರ ಬರೆಸಿಕೊಂಡಿದ್ದೆವು. ತಿಂಡಿ ಆದ ಮೇಲೆ ಡೆಕ್ ಸುತ್ತ ನಡಿಗೆ. ಸಂಜೆ ನಾಲ್ಕೂವರೆಗೆ ಮಗನಿಗೆ ವಾಟ್ಸಾಪ್ ಕರೆ, ಮನೆಯಲ್ಲಿ ಆಗ ರಾತ್ರಿ ಎಂಟು. ಹಡಗಿನ ವೈಫೈ ಬಿಟ್ಟು ಬೇರೆ ನೆಟ್‌ವರ್ಕ್ ಹಿಡಿಯದಂತೆ ಫೋನ್ ಯಾವಾಗಲೂ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಸಮುದ್ರದ ಮಧ್ಯದ ಮೊಬೈಲ್ ಸಂಪರ್ಕದ ಬಿಲ್ ಬಹಳ ಬರುತ್ತದೆ. ರಾತ್ರಿ ಹತ್ತಕ್ಕೆ ದಪ್ಪ ಪರದೆ ಎಳೆದು ದೀಪ ಆರಿಸುವುದು. ಹೊರಗೆ ಬಿಸಿಲಿದ್ದರೂ ಸರಿ.

ಹಗಲಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಿರಬಾರದು ಅನ್ನುವುದೂ ಅವತ್ತೇ ಆಯಿತು. ಇವರು ಉಪನ್ಯಾಸಕ್ಕೆ ಹೋಗುತ್ತಿದ್ದರು. ಹಡಗು ಸಮುದ್ರದ ನೀರಿನಿಂದ ಸಿಹಿನೀರು ಮಾಡಿಕೊಳ್ಳುತ್ತದೆ ಅಂತ ಕೇಳಿ ಬಂದು, ಯಂತ್ರದ ಮನುಷ್ಯ ಅಲ್ವಾ, ಅದನ್ನೇ ಎರಡು ದಿನ ಹೇಳಿದರು. ನಮ್ಮ ಊರಲ್ಲಿ ಬೇಸಿಗೆಯಲ್ಲಿ ನಳದ ನೀರಿಗೆ ಕಾಯುವವರಿಗೆ ಅದು ದೊಡ್ಡ ವಿಷಯವೇ. ಇಷ್ಟು ಉತ್ತರದಲ್ಲೂ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ಅಟ್ಲಾಂಟಿಕ್‌ನಿಂದ ಬೆಚ್ಚನೆಯ ನೀರಿನ ಪ್ರವಾಹ ದಡದ ಉದ್ದಕ್ಕೂ ಹರಿಯುತ್ತದೆ ಅನ್ನುವುದನ್ನೂ ಅಲ್ಲೇ ಕೇಳಿ ಬಂದರು.

ನನ್ನ ಜಾಗ ಬಟ್ಟೆ ಒಗೆಯುವ ಕೋಣೆ. ನಮ್ಮ ಹಡಗಿನಲ್ಲಿ ಪ್ರಯಾಣಿಕರೇ ಪುಕ್ಕಟೆ ಬಳಸುವ ಮಷೀನ್‌ಗಳಿದ್ದವು. ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಡುವಂತಿಲ್ಲ, ಬೆಂಕಿಯ ಭಯ. ಅದಕ್ಕೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಊಟದ ಹಾಲ್‌ನಲ್ಲಿ ಬಿಗಿಯಾಗಿ ಕೂತಿರುವ ಹೆಂಗಸರು ಅಲ್ಲಿ ಬಟ್ಟೆ ಒಣಗುವವರೆಗೆ ಮನೆ, ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡುತ್ತಾರೆ. ನಾನು ಕೌದಿ ಬಿಚ್ಚಿ ಕೂತರೆ ಸುತ್ತ ಬಂದು ನೋಡುತ್ತಿದ್ದರು. ಸ್ಕಾಟ್ಲೆಂಡಿನ ಒಬ್ಬ ಅಜ್ಜಿ ತನ್ನ ಹಳೆಯ ಸ್ಕಾರ್ಫಿನ ಒಂದು ತುದಿ ಕತ್ತರಿಸಿ ಕೊಟ್ಟರು, ಇದನ್ನೂ ಸೇರಿಸು ಅಂತ. ನನ್ನ ಇಂಗ್ಲಿಷ್ ಕಡಿಮೆ, ಅವರ ಉಚ್ಚಾರಣೆ ಬೇರೆ. ಹೊಲಿಗೆ ಮುಂದೆ ಮಾಡಿಕೊಂಡು ಮಾತಾಡಿದೆವು. ಒಂದು ದಿನ ಇವರೂ ಬಂದು ಕೂತು ಬಟ್ಟೆ ಮಡಚಿದರು. ಮದುವೆಯಾದ ಮೇಲೆ ಮೊದಲ ಸಲ.

ಊಟ. ಶುದ್ಧ ಸಸ್ಯಾಹಾರ ಅಂತ ಟಿಕೆಟ್ ಮಾಡುವಾಗಲೇ ಬರೆದು, ತಿಂಗಳು ಮೊದಲು ಮತ್ತೊಮ್ಮೆ ಮೇಲ್ ಮಾಡಿದ್ದೆವು. ಇದನ್ನು ಮರೆಯಬೇಡಿ. ಹಡಗಿನ ಅಡುಗೆಮನೆಯಲ್ಲಿ ಗೋವಾದ ಒಬ್ಬ ಹುಡುಗ ಇದ್ದ, ದಿನವೂ ನಮಗಾಗಿ ಅನ್ನ, ಬೇಳೆ ಮಾಡಿಸುತ್ತಿದ್ದ. ಮೊದಲ ದಿನ ಇವರು ಒಂದು ಚಮಚ ಬಾಯಿಗೆ ಇಟ್ಟು, "ಇದು ತೊಗರಿ ಅಲ್ಲ, ಬಟಾಣಿ ಬೇಳೆ" ಅಂದರು. ಹುಡುಗ ಬೆರಗಾದ. ಆಮೇಲೆ ಅವನಿಗೆ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಈ ನೆಲದ ವಿಶೇಷ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಿದ್ದು, ಬೇಳೆ ಒಡೆಯುವ ಮೊದಲು ಎಣ್ಣೆ ಹಚ್ಚಿ ಒಣಗಿಸುವುದು ಎಲ್ಲ ವಿವರವಾಗಿ ಹೇಳಿದರು. ಅವನು ಕೆಲಸದ ಮಧ್ಯೆಯೂ ನಿಂತು ಕೇಳಿದ.

ನಾನು ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಗಾಳಿ ಹೋಗದ ಹಾಗೆ ಪ್ಯಾಕ್ ಮಾಡಿಸಿ ಒಯ್ದಿದ್ದೆ. ಹೊರಗಿನಿಂದ ಯುರೋಪಿಗೆ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಅದಕ್ಕೆ ತುಪ್ಪ, ಪೇಡ ಬಿಟ್ಟೆ. ಒಣ ಪದಾರ್ಥ ತರಬಹುದಾ ಅಂತ ಹಡಗಿನವರನ್ನೂ ಮೊದಲೇ ಕೇಳಿದ್ದೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು, ಹಿಮ ಇರುವ ಬೆಟ್ಟ ನೋಡುತ್ತಾ, ರೊಟ್ಟಿ ಮುರಿದು ಮೊಸರು, ಹಿಂಡಿ ಹಚ್ಚಿಕೊಂಡು ತಿಂದೆವು. ಹಡಗಿನ ಐದು ಬಗೆಯ ಊಟಕ್ಕಿಂತ ನನಗೆ ಅದೇ ರುಚಿ.

ಬಟ್ಟೆಯ ಬಗ್ಗೆ ಚಿಕ್ಕದಾಗಿ. ಒಂದೇ ದಪ್ಪ ಕೋಟಿಗಿಂತ ಒಂದರ ಮೇಲೊಂದು ತೆಳು ಬಟ್ಟೆ ಒಳ್ಳೆಯದು, ಹಡಗಿನ ಒಳಗೆ ಬೆಚ್ಚಗೇ ಇರುತ್ತದೆ. ಹೊರಗಿನದು ಗಾಳಿ ತಡೆಯಬೇಕು. ಚಳಿಗಿಂತ ಗಾಳಿಯೇ ಕಷ್ಟ. ಸೀರೆ ಡೆಕ್ ಮೇಲೆ ನಡೆಯುವುದಿಲ್ಲ, ರಾತ್ರಿ ಊಟಕ್ಕೆ ಇಳಕಲ್ ಉಟ್ಟೆ, ಒಳಗೆ ಥರ್ಮಲ್.

ಏಳನೆಯ ದಿನ ಹೊನ್ನಿಂಗ್ಸ್‌ವೋಗ್ ಅನ್ನುವ ಪುಟ್ಟ ಊರಿನಿಂದ ಬಸ್ಸಿನಲ್ಲಿ ನಾರ್ವೆಯ ಉತ್ತರ ತುದಿಯ ಕಡೆ ಇರುವ ನಾರ್ತ್ ಕೇಪ್‌ಗೆ ಹೋದೆವು. ಮರ ಒಂದೂ ಇಲ್ಲ, ಕಲ್ಲು, ಪಾಚಿ, ಅಲ್ಲಲ್ಲಿ ಹಿಮಸಾರಂಗ. 307 ಮೀಟರ್ ಎತ್ತರದ ಬಂಡೆ, ಕೆಳಗೆ ಸಮುದ್ರ. ಗಡಿಯಾರದಲ್ಲಿ ರಾತ್ರಿ ಹನ್ನೆರಡು. ಸೂರ್ಯ ಕೆಳಕ್ಕೆ ಬಂದು, ನೀರು ಮುಟ್ಟದೆ, ಮತ್ತೆ ಮೇಲೇರಲು ಶುರು ಮಾಡಿದ. ಬೆಳಕು ಕೆಂಡದ ಬಣ್ಣ. ನಮ್ಮ ಊರಲ್ಲಿ ಸೂರ್ಯನಿಂದ ಮುಖ ಮರೆಸಿಕೊಂಡು ಓಡಾಡುತ್ತೇವೆ. ಅಲ್ಲಿ ಇಬ್ಬರೂ ಟೋಪಿ ಸರಿಸಿ ಮುಖಕ್ಕೆ ಬಿಸಿಲು ತಾಗಿಸಿಕೊಂಡೆವು. ಅವತ್ತು ಮಾತ್ರ ಹತ್ತು ಗಂಟೆಯ ನಿಯಮ ಬಿಟ್ಟೆವು.

ಲೋಫೋಟನ್ ದ್ವೀಪಗಳಲ್ಲಿ ಮೀನು ಒಣಗಿಸುವ ಮರದ ಚೌಕಟ್ಟುಗಳನ್ನು ನೋಡಿದೆವು. ಉಪ್ಪು ಇಲ್ಲ, ಬರೀ ತಣ್ಣನೆಯ ಗಾಳಿಗೆ ಫೆಬ್ರವರಿಯಿಂದ ಒಣಗಲು ಬಿಡುತ್ತಾರೆ. ವಾಸನೆ ತಡೆಯಲಾಗದೆ ನಾನು ಬೇಗ ಬಂದೆ. ಆದರೆ ಮಹಡಿ ಮೇಲೆ ಸಂಡಿಗೆ ಒಣಹಾಕಿ ಮೋಡಕ್ಕೆ ಹೆದರುವವಳು ನಾನು, ಆ ಜನರ ಕಷ್ಟ ಅರ್ಥವಾಯಿತು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಬೇಕು, ಬೆಳಿಗ್ಗೆ ದಡದಲ್ಲಿ ಸಿಗುತ್ತವೆ. ಮರುದಿನ ಹಾಕುವ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಉಳಿಸಿಕೊಳ್ಳಿ. ಕೌದಿ ಅರ್ಧ ಆಗಿತ್ತು. ಅದನ್ನೂ ಕೈಯಲ್ಲೇ ಇಟ್ಟುಕೊಂಡೆ.

ಬೆಂಗಳೂರಿನಿಂದ ರಾತ್ರಿ ರೈಲು. ಮಲಗೋಣ ಅಂದರೆ ಇವರು ಕಿಟಕಿ ಬಿಡಲಿಲ್ಲ. ಹೊರಗೆ ಕತ್ತಲೆ, ದೂರದಲ್ಲಿ ಯಾವುದೋ ಹಳ್ಳಿಯ ಒಂದೆರಡು ದೀಪ, ಮೇಲೆ ಚುಕ್ಕಿಗಳು. ಎಷ್ಟು ದಿನ ಆಯಿತು ಇದನ್ನು ನೋಡಿ ಅಂದರು. ನಾನು ಕೌದಿ ಬಿಚ್ಚಿ ಇಬ್ಬರ ಕಾಲಿನ ಮೇಲೆ ಹೊದಿಸಿದೆ. ಗುಂತಕಲ್ ದಾಟುವವರೆಗೂ ಹಾಗೇ ಕೂತಿದ್ದೆವು.