ಒಂದೇ ದರ, ಒಂದೇ ಮಾತು: ಮೋಟಾರ್ ರಿಪೇರಿಯಲ್ಲಿ ನನ್ನ ಅನುಭವ

ಮೋಟಾರ್ ರಿಪೇರಿಯಲ್ಲಿ ಸುಳ್ಳು ಬಿಟ್ಟು, ಎಲ್ಲರಿಗೂ ಒಂದೇ ದರ ಇಡಲು ಹೊರಟಾಗ "ಹೀಗೆ ಮಾಡಿದರೆ ಆರು ತಿಂಗಳಲ್ಲಿ ಬಾಗಿಲು ಹಾಕ್ತೀಯ" ಅಂದವರಲ್ಲಿ ಕಸುಬಿನವರೂ ಇದ್ದರು, ನಮ್ಮ ಚರ್ಚಿನ ಸಭೆಯವರೂ ಇದ್ದರು. ಎಂಟೊಂಬತ್ತು ವರ್ಷ ಆಗಿರಬೇಕು, ಕೆಲಸ ನಡೀತಾನೇ ಇದೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ವೈಂಡಿಂಗ್, ಅಂದ್ರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುವವರಿಗೆ ಎಲ್ಲೆಲ್ಲಿ ಕೈಚಳಕ ತೋರಿಸಬಹುದು ಅಂತ ನಾನು ಹೇಳಬೇಕಿಲ್ಲ. ಇರಬೇಕಾದ ದಪ್ಪಕ್ಕಿಂತ ಒಂದು ಗೇಜ್ ಸಣ್ಣ ತಂತಿ. ತೊಳೆದು ಗ್ರೀಸ್ ತುಂಬಿದ 'ಹೊಸ' ಬೇರಿಂಗ್. ಗಿರಾಕಿಯ ಮುಖ ನೋಡಿ ದರ. ಎರಡು ಥರದ ತೂಕದ ಕಲ್ಲುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಬೇಡ ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ 25. ಅದಕ್ಕೆ ಆಮೆನ್ ಅನ್ನುವುದು ಸುಲಭ, ಯಾಕಂದ್ರೆ ಕಲ್ಲು ಇಟ್ಟು ತೂಗುವವರು ನಾವಲ್ಲ. ನಮ್ಮ ಚೀಲದ ಎರಡನೇ ಕಲ್ಲು ಸುಟ್ಟ ತಾಮ್ರ. ಮೋಟಾರಿಂದ ಬಿಚ್ಚಿದ ಹಳೇ ತಂತಿ ಯಾರದು? ಗಿರಾಕಿ ಕೇಳುವುದಿಲ್ಲ, ನಾವು ಹೇಳುವುದಿಲ್ಲ. ತಿಂಗಳ ಕೊನೆಗೆ ಗುಜರಿಗೆ ಹೋಗುತ್ತದೆ.

ನಾನು ಅದನ್ನು ಗಿರಾಕಿಯ ಎದುರಿಗೇ ತೂಗಿ, ಬೇಕಾದರೆ ಒಯ್ಯಿರಿ, ಇಲ್ಲಾಂದ್ರೆ ಗುಜರಿ ದರದಲ್ಲಿ ಬಿಲ್ಲಿಂದ ಕಳೀತೀನಿ ಅಂದೆ. ಮೊದಲ ವರ್ಷ ಕೈಗೆ ಬರುತ್ತಿದ್ದುದರಲ್ಲಿ ಹತ್ತಿರಹತ್ತಿರ ಕಾಲು ಭಾಗ ಹೋಯಿತು. ಕೂಲಿ ದರ ಏರಿಸಲೇಬೇಕಾಯಿತು. ಆಗ ನನ್ನ ದರ ಉಳಿದವರಿಗಿಂತ ಜಾಸ್ತಿ ಕಾಣತೊಡಗಿತು. ತಾಮ್ರದ ಲೆಕ್ಕ ಯಾರೂ ಕೂಡಿಸಿ ನೋಡುವುದಿಲ್ಲವಲ್ಲ! ಒಳ್ಳೆಯ ಗಿರಾಕಿಗಳೇ ಮೊದಲು ಬಿಟ್ಟುಹೋದರು. ಎಲ್ಲರಿಗೂ ಒಂದೇ ದರ ಅಂದಾಗ ಇನ್ನಷ್ಟು ಜನ ಹೋದರು. 17ನೇ ಶತಮಾನದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದ ವ್ಯಾಪಾರಿಗಳು ಚೌಕಾಸಿ ಬಿಟ್ಟು ಒಂದೇ ಬೆಲೆ ಇಟ್ಟರು, ಮಗುವನ್ನು ಕಳಿಸಿದರೂ ಅದೇ ಬೆಲೆ ಅಂತ ಜನ ನಂಬಿದರು ಅಂತ ಓದಿ ಹುಮ್ಮಸ್ಸಿನಿಂದ ಶುರು ಮಾಡಿದ್ದೆ. ಆ ನಂಬಿಕೆ ಹುಟ್ಟುವ ತನಕ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಆ ಪುಸ್ತಕದಲ್ಲಿ ಇರಲಿಲ್ಲ.

ಇದರ ಮಧ್ಯೆ ನಮ್ಮ ಹುಡುಗನೊಬ್ಬ ಹಳೇ ಬೇರಿಂಗನ್ನೇ ಹಾಕಿ ಹೊಸದರ ಹಣ ತೆಗೆದುಕೊಂಡಿದ್ದ. ಯಾಜಕಕಾಂಡ 6ರ ಲೆಕ್ಕ ಹಿಡಿದು, ತೆಗೆದುಕೊಂಡಷ್ಟು ಹಣ ಮತ್ತು ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಗಿರಾಕಿಯ ಮನೆಗೇ ಒಯ್ದೆ. ಬೈಬಲಿನ ಸುಂಕದ ಅಧಿಕಾರಿ ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡುವ ಶಕ್ತಿ ಇರಲಿಲ್ಲ. ಆ ಮನುಷ್ಯ ಹಣ ಎಣಿಸಿದ, ನನ್ನನ್ನು ಮೇಲಿಂದ ಕೆಳಗೆ ನೋಡಿದ, "ಇನ್ನೂ ಏನೇನು ಹಾಳು ಮಾಡಿದ್ದೀಯ?" ಅಂತ ಕೇಳಿದ. ಮೋಟಾರನ್ನು ಬೇರೆಯವರ ಹತ್ತಿರ ತೋರಿಸಲು ಒಯ್ದ. ವಾಪಸ್ ಬರಲೇ ಇಲ್ಲ. ದೇವರು ಒಳ್ಳೆಯದು ಮಾಡಿದ ಅಂತ ಪ್ರಾರ್ಥನೆ ಕೂಟದಲ್ಲಿ ಹೇಳುವಂಥ ಸಾಕ್ಷಿ ಅಲ್ಲ, ಅಲ್ವಾ?

ಪರಿಸ್ಥಿತಿ ತಿರುಗಿದ್ದು ದರದಿಂದ ಅಲ್ಲ, ದಿನದಿಂದ. ಸುಮ್ನೆ ಪರೀಕ್ಷೆಗೆ ಅಂತ ಒಂದು ವಾರ ಜೇಬಲ್ಲಿ ಪುಟ್ಟ ಪುಸ್ತಕ ಇಟ್ಟು, ಬಾಯಿಂದ ಬಂದ ಪ್ರತಿ ಸುಳ್ಳನ್ನೂ ಬರೆದೆ. ಹಣದ ಸುಳ್ಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ "ನಾಳೆ ಸಂಜೆ ಬನ್ನಿ", "ಈಗಷ್ಟೇ ಹುಡುಗನನ್ನು ಕಳಿಸಿದೆ", "ಕೆಲಸ ಮುಗೀತಾ ಬಂತು". ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತ ಮತ್ತಾಯ 5ರಲ್ಲಿ ಇರುವುದು ಆಣೆ ಇಡುವ ಬಗ್ಗೆ ಅಷ್ಟೇ ಅಂದುಕೊಂಡವರು ಇದೊಂದು ವಾರ ಮಾಡಿ ನೋಡಿ.

ಅವತ್ತಿಂದ ಚೀಟಿಯಲ್ಲಿ ಕೆಲಸ ಮುಗಿಸಿಕೊಡುವ ತಾರೀಖು ಬರೆದು ಸಹಿ ಹಾಕತೊಡಗಿದೆ. ತಡವಾದರೆ ಕೂಲಿಯಲ್ಲಿ ಹತ್ತನೇ ಒಂದು ಭಾಗ ಕಡಿತ. ತಾರೀಖನ್ನು ಲೆಕ್ಕ ಹಾಕುವ ರೀತಿ ಮಾತ್ರ ನನ್ನದೇ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಒಂದು ಸಲ ದೊಡ್ಡ ಪಂಪಿಗೆ ದರ ಒಪ್ಪಿಕೊಂಡೆ. ಬಿಚ್ಚಿ ನೋಡಿದರೆ ಒಳಗೆ ಎಲ್ಲ ಹೋಗಿತ್ತು. ಮಾತು ಕೊಟ್ಟ ಮೇಲೆ ನಷ್ಟವಾದರೂ ಬದಲಿಸದವನು ಅಂತ ಕೀರ್ತನೆ 15ರಲ್ಲಿ ಇದೆ. ಬಂದದ್ದರ ಸುಮಾರು ಎರಡರಷ್ಟು ಖರ್ಚು ಮಾಡಿ ಮುಗಿಸಿದೆ. ಆಮೇಲೆ ಬಿಚ್ಚಿ ನೋಡದೆ ದರ ಹೇಳುವುದನ್ನೇ ಬಿಟ್ಟೆ. ಆದರೆ ಆ ಗಿರಾಕಿ ಕಳಿಸಿದ ಕೆಲಸಗಳೇ ಈಗಿನ ಅರ್ಧ ಆದಾಯ. ಈ ಸುತ್ತಮುತ್ತಲಲ್ಲಿ ನನ್ನ ಚೀಟಿಯ ತಾರೀಖನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ, ಜಂಬ ಅಂದುಕೊಂಡರೂ ಸರಿ.

ಸಭೆಯಲ್ಲಿ ಈ ಮಾತು ತೆಗೆದರೆ ಚರ್ಚೆ ನೇರವಾಗಿ ಗೂಢಚಾರರನ್ನು ಅಡಗಿಸಿಟ್ಟು ಸುಳ್ಳು ಹೇಳಿದ ಬೈಬಲಿನ ರಾಹಾಬಳಿಗೆ ಹೋಗುತ್ತದೆ: ಜೀವ ಉಳಿಸಲು ಸುಳ್ಳು ಹೇಳಬಹುದಾ? ಹಳೇ ಕಾಲದ ಕ್ರೈಸ್ತ ಗುರು ಅಗಸ್ಟೀನರು ಕೂಡದು ಅಂದರು, ಬೇರೆಯವರು ಆಗಬಹುದು ಅಂದರು. ಇರಲಿ. ನಮ್ಮ ವರ್ಕ್‌ಶಾಪಿನಲ್ಲಿ ಇದುವರೆಗೆ ಗೂಢಚಾರರು ಯಾರೂ ಬಂದು ಅಡಗಿಲ್ಲ.

ಇನ್ನೊಂದು ಪ್ರಶ್ನೆ ಬರುತ್ತದೆ, ಲಾಭ ಎಷ್ಟು ಅಂತಲೂ ಹೇಳಬೇಕಾ? ಬೇಡ. ಹೊಲ ಮಾರಿ, ಹಣದಲ್ಲಿ ಒಂದು ಪಾಲು ಇಟ್ಟುಕೊಂಡು, ಉಳಿದದ್ದನ್ನೇ ಪೂರ್ತಿ ಅಂತ ಸಭೆಗೆ ತಂದ ಅನನೀಯನಿಗೆ ಯೇಸುವಿನ ಶಿಷ್ಯ ಪೇತ್ರನು ಹೇಳಿದ್ದು ನೋಡಿ: ಹೊಲವೂ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತು. ಇಟ್ಟುಕೊಂಡದ್ದು ತಪ್ಪಲ್ಲ, ಪೂರ್ತಿ ಕೊಟ್ಟೆ ಅಂದದ್ದು ತಪ್ಪು. ಲಾಭ ಕೇಳಿದವರಿಗೆ "ಅದು ನನ್ನ ಲೆಕ್ಕ" ಅನ್ನುತ್ತೇನೆ. "ನಿಮಗೆ ಅಸಲಿಗೇ ಕೊಡ್ತಾ ಇದ್ದೀನಿ" ಅನ್ನುವುದನ್ನು ಬಿಟ್ಟಿದ್ದೇನೆ.

ಗಿರಾಕಿಯೂ ಕಡಿಮೆ ಇಲ್ಲ. ಕೊಳ್ಳುವಾಗ ಚೆನ್ನಾಗಿಲ್ಲ ಚೆನ್ನಾಗಿಲ್ಲ ಅಂದು, ಆಚೆ ಹೋಗಿ ಹೆಚ್ಚಳಪಡುವವನನ್ನು ಜ್ಞಾನೋಕ್ತಿ 20 ಆಗಲೇ ಹಿಡಿದಿದೆ. ಅಂಥವರಿಗೂ ಅದೇ ದರ ಹೇಳಿ ಸುಮ್ಮನಾಗುತ್ತೇನೆ.

ಮಾಡಿ ನೋಡುವವರು ತಾಮ್ರದಿಂದ ಶುರು ಮಾಡಬೇಡಿ, ಕೈ ಸುಡುತ್ತದೆ. ಮೊದಲು ಮೂರು ತಿಂಗಳು ತಾರೀಖಿನ ಚೀಟಿ. ತಡವಾದಾಗ ಕಡಿತ ಕೊಡಲು ಬೇಕಾಗುವ ಹಣವನ್ನು ಮೊದಲೇ ಬೇರೆ ಡಬ್ಬದಲ್ಲಿ ಇಡಿ. ಆ ಡಬ್ಬ ತಿಂಗಳೊಳಗೆ ಖಾಲಿಯಾಗುವುದು ನಿಂತ ಮೇಲೆ ತಾಮ್ರ ತೂಗುವ ತಕ್ಕಡಿ ಹೊರಗೆ ತೆಗೆಯಿರಿ.