ಕಲಬುರಗಿ ಬಿಸಿಲಿಗೆ ತೆಳು ಗೇಮಿಂಗ್ ಲ್ಯಾಪ್‌ಟಾಪ್ ಹೊಂದಿಸಿಕೊಂಡ ಬಗೆ

ಲ್ಯಾಪ್‌ಟಾಪಿನ ಹೀಟ್‌ಸಿಂಕ್, ಅಂದರೆ ಚಿಪ್ಪಿನ ಕಾವನ್ನು ಹೊರಹಾಕುವ ಲೋಹದ ಭಾಗ, ಚಿಪ್ಪನ್ನು ಒಳಗೆ ಬರುವ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ತಡೆದು ನಿಲ್ಲಿಸುತ್ತದೆ, ಅದರ ಕೆಲಸ ಅಷ್ಟೇ. ಅದೇ ವ್ಯಾಟ್, ಅದೇ ಫ್ಯಾನ್ ವೇಗ ಇದ್ದರೆ ಈ ಅಂತರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಎಸಿ ಹಾಕಿದ 24 ಡಿಗ್ರಿ ಕೋಣೆಯಲ್ಲಿ 84 ತೋರಿಸುವ ಮಷೀನು, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇರುವ ಕಲಬುರಗಿಯ ಕೋಣೆಯಲ್ಲಿ 98ರ ಹತ್ತಿರ ಹೋಗಿಯೇ ಹೋಗುತ್ತದೆ. ಹೊರಗೆ 42-43 ಕಾಯುವ ದಿನಗಳಲ್ಲಿ ಆರ್‌ಸಿಸಿ ಛಾವಣಿ ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಕೋಣೆಯೊಳಗೆ ಕಾವು ಬಿಡುತ್ತಲೇ ಇರುತ್ತದೆ. ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗ್ ನಮ್ಮ ಕೋಣೆಯನ್ನು ನೋಡಿ ಮಾಡಿದ್ದಲ್ಲ. ಆದ್ದರಿಂದ ಫ್ಯಾನ್, ಕೂಲಿಂಗ್ ಪ್ಯಾಡ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಎಷ್ಟು ವ್ಯಾಟ್ ಸುಡಬೇಕು ಅನ್ನುವುದನ್ನು ಋತುಮಾನ ನೋಡಿ ನಾವೇ ನಿಗದಿ ಮಾಡಬೇಕು. ನಾನು ಮಾಡಿಕೊಂಡಿದ್ದು ಇದನ್ನೇ.

ನನ್ನ ಮಷೀನಿನಲ್ಲಿ ಇರುವುದು ಇಂಟೆಲ್ ಐ7-12700ಎಚ್ ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್. ದಪ್ಪ ಸುಮಾರು 2 ಸೆಂಟಿಮೀಟರ್. ಈ ಪ್ರೊಸೆಸರಿಗೆ ಇಂಟೆಲ್ ಹೇಳುವ ಮೂಲ ವ್ಯಾಟ್ 45, ಟರ್ಬೋದಲ್ಲಿ, ಅಂದರೆ ಸ್ವಲ್ಪ ಹೊತ್ತಿನ ಹೆಚ್ಚಿನ ವೇಗದಲ್ಲಿ, ಗರಿಷ್ಠ 115. 3060 ಲ್ಯಾಪ್‌ಟಾಪ್ ಚಿಪ್ಪು 60ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಿತಿಯಲ್ಲಿ ಬರುತ್ತದೆ, ನನ್ನದು 95ರದ್ದು. ತೆಳು ಮಷೀನುಗಳಲ್ಲಿ ಎರಡೂ ಚಿಪ್ಪುಗಳ ಮೇಲೆ ಕಾವು ಸಾಗಿಸುವ ಅವೇ ತಾಮ್ರದ ಹೀಟ್‌ಪೈಪುಗಳು ಹಾದುಹೋಗುತ್ತವೆ. ಪ್ರೊಸೆಸರ್ ಸುಮ್ಮನೆ ಸುಟ್ಟ 30 ವ್ಯಾಟ್ ಗ್ರಾಫಿಕ್ಸಿಗೆ ಸಿಗಬೇಕಾದ ತಂಪನ್ನು ಕಸಿಯುತ್ತದೆ. ಆಟದಲ್ಲಿ ಫ್ರೇಮ್, ಅಂದರೆ ಪರದೆಯ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರಗಳನ್ನು ಕೊಡುವುದು ಹೆಚ್ಚಾಗಿ ಗ್ರಾಫಿಕ್ಸ್. ಅದಕ್ಕೇ ಮೊದಲು ಕಡಿವಾಣ ಹಾಕಬೇಕಾದದ್ದು ಪ್ರೊಸೆಸರಿಗೆ.

ಏನಾದರೂ ಬದಲಿಸುವ ಮೊದಲು ಅಳತೆ ಬೇಕು. ಎಚ್‌ಡಬ್ಲ್ಯೂ ಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ಸೆನ್ಸರ್ ಪುಟದಲ್ಲಿ ಪ್ರೊಸೆಸರ್ ಪ್ಯಾಕೇಜಿನ ಉಷ್ಣತೆ, ಪ್ಯಾಕೇಜಿನ ವ್ಯಾಟ್, ಗ್ರಾಫಿಕ್ಸ್ ಉಷ್ಣತೆ, ಅದರ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ ಉಷ್ಣತೆ), ಗ್ರಾಫಿಕ್ಸ್ ವ್ಯಾಟ್ ಇಷ್ಟನ್ನು ಗುರುತು ಮಾಡಿಕೊಳ್ಳಿ. ಜೊತೆಗೆ ಒಂದು ಅಗ್ಗದ ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು. ಅದನ್ನು ಗೋಡೆಗೆ ತೂಗುಹಾಕಿದರೆ ಉಪಯೋಗವಿಲ್ಲ, ಲ್ಯಾಪ್‌ಟಾಪ್ ಗಾಳಿ ಎಳೆದುಕೊಳ್ಳುವ ಕಡೆ ಪಕ್ಕದಲ್ಲೇ ಇಡಬೇಕು. ಮೇಜು ಗೋಡೆಗೆ ಒತ್ತಿಕೊಂಡಿದ್ದರೆ ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯೇ ತಿರುಗಿ ಒಳಗೆ ಹೋಗುತ್ತಿರುತ್ತದೆ, ಅದು ಇಲ್ಲಿ ಕಾಣುತ್ತದೆ. ಆಟ ಶುರುವಾದ ಮೊದಲ 3 ನಿಮಿಷದ ಅಂಕಿ ನಂಬಬೇಡಿ. ಹೀಟ್‌ಪೈಪು, ಮೈಯ ಲೋಹ, ಅಡಾಪ್ಟರ್ ಎಲ್ಲ ಕಾದು ಒಂದು ಮಟ್ಟಕ್ಕೆ ಬರಲು 20 ನಿಮಿಷ ಹಿಡಿಯುತ್ತದೆ. ಆಮೇಲೆ ಬಂದದ್ದೇ ಅಳತೆ.

ಪ್ರೊಸೆಸರ್ ಮಿತಿಗೆ ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಅದರ ಟಿಪಿಎಲ್ ಕಿಟಕಿಯಲ್ಲಿ ಪಿಎಲ್1 ಅಂದರೆ ಮಷೀನು ಎಷ್ಟು ಹೊತ್ತಾದರೂ ಎಳೆಯಬಹುದಾದ ವ್ಯಾಟ್, ಪಿಎಲ್2 ಅಂದರೆ ಸ್ವಲ್ಪ ಹೊತ್ತಿನ ಜಿಗಿತಕ್ಕೆ ಸಿಗುವ ವ್ಯಾಟ್. ಮಾರ್ಚ್ ನಡುವಿನಿಂದ ಜೂನ್ ಮಳೆ ಬೀಳುವವರೆಗೆ ನನ್ನದು ಪಿಎಲ್1 35, ಪಿಎಲ್2 45. ಮಳೆಗಾಲದಲ್ಲಿ 40 ಮತ್ತು 55. ಚಳಿಗಾಲದ ಬೆಳಿಗ್ಗೆ ಕೋಣೆ 20ರ ಆಸುಪಾಸು ಇದ್ದಾಗ 45 ಮತ್ತು 65. ಟರ್ಬೋ ಅವಧಿ 28 ಸೆಕೆಂಡ್. ಸ್ಪೀಡ್ ಶಿಫ್ಟ್ ಇಪಿಪಿ (ವೇಗ ಮುಖ್ಯವೋ ಶಕ್ತಿಯ ಉಳಿತಾಯ ಮುಖ್ಯವೋ ಎಂದು ಪ್ರೊಸೆಸರಿಗೆ ಹೇಳುವ ಅಂಕಿ) 128 ಇಟ್ಟರೆ ಬ್ರೌಸರ್ ತೆರೆದ ಮಾತ್ರಕ್ಕೆ ಪ್ರೊಸೆಸರ್ 4 ಗಿಗಾಹರ್ಟ್ಸಿಗೆ ಹಾರಿ ಫ್ಯಾನ್ ಕಿರುಚುವುದು ನಿಲ್ಲುತ್ತದೆ.

ಇಲ್ಲಿ ಕೈಕೊಡುವುದು ಒಂದೇ ವಿಷಯ. ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಕಂಟ್ರೋಲ್ ಸಾಫ್ಟ್‌ವೇರ್ ಹಿಂದೆ ಓಡುತ್ತಾ ತನ್ನ ಮಿತಿಯನ್ನೇ ಮತ್ತೆ ಮತ್ತೆ ಬರೆಯುತ್ತದೆ. ನೀವು 35 ಎಂದು ಬರೆದಿದ್ದು ಸ್ಲೀಪ್‌ನಿಂದ ಎದ್ದ ಮೇಲೆ 70 ಆಗಿರುತ್ತದೆ. ಈ ಮಿತಿ ಎರಡು ಕಡೆ ದಾಖಲಾಗುತ್ತದೆ, ಎಂಎಸ್ಆರ್ ಮತ್ತು ಎಂಎಂಐಒ ಎಂಬ ರಿಜಿಸ್ಟರುಗಳಲ್ಲಿ. ಎರಡರಲ್ಲಿ ಯಾವುದು ಕಡಿಮೆಯೋ ಅದು ನಡೆಯುತ್ತದೆ. ಕಂಪನಿ ಸಾಫ್ಟ್‌ವೇರಿನಲ್ಲಿ ಟರ್ಬೋ ಮೋಡ್ ಬಿಟ್ಟು ಬ್ಯಾಲೆನ್ಸ್ಡ್ ಅಥವಾ ಮ್ಯಾನುಯಲ್ ಇಟ್ಟು, ಥ್ರಾಟಲ್‌ಸ್ಟಾಪನ್ನು ಲಾಗಿನ್ ಆದೊಡನೆ ಏಳುವಂತೆ ಟಾಸ್ಕ್ ಷೆಡ್ಯೂಲರ್‌ನಲ್ಲಿ ಹಾಕಿ. ಕಂಪನಿ ಸಾಫ್ಟ್‌ವೇರಿನಲ್ಲೇ ವ್ಯಾಟ್ ಇಳಿಸುವ ಸ್ಲೈಡರ್ ಇದ್ದರೆ ಅದೇ ಒಳ್ಳೆಯದು, ಎರಡನೆಯ ಸಾಫ್ಟ್‌ವೇರ್ ಬೇಡ. ಇನ್ನು ಪ್ರೊಸೆಸರ್ ಅಂಡರ್‌ವೋಲ್ಟ್, ಅಂದರೆ ಅದಕ್ಕೆ ಹೋಗುವ ವೋಲ್ಟೇಜ್ ಇಳಿಸುವುದು: 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಹಿರಂಗವಾದ ಮೇಲೆ ಬಹುತೇಕ ಲ್ಯಾಪ್‌ಟಾಪುಗಳ ಬಯಾಸ್‌ನಲ್ಲಿ (ಮಷೀನನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಅದಕ್ಕೆ ಬೀಗ ಬಿದ್ದಿದೆ. ಬೀಗ ಇದ್ದರೆ ಬಿಟ್ಟುಬಿಡಿ. ಹಳೆಯ ಬಯಾಸ್ ಹುಡುಕಿ ಹಾಕುವ ಸಾಹಸ ಬೇಡ, ವ್ಯಾಟ್ ಮಿತಿಯಿಂದಲೇ ಮುಕ್ಕಾಲು ಕೆಲಸ ಆಗುತ್ತದೆ.

ಯಾಕೆ ಆಗುತ್ತದೆ ಅಂದರೆ, ಚಿಪ್ಪು ಸುಡುವ ಶಕ್ತಿ ವೇಗಕ್ಕೆ ತಕ್ಕಂತೆ ಏರುವುದರ ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಗಿಟ್ಟಿಸಲು ವೋಲ್ಟೇಜ್ ವಿಪರೀತ ಏರಿಸಬೇಕಾಗುತ್ತದೆ. ಆ ತುದಿಯನ್ನು ಕತ್ತರಿಸಿದರೆ ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪ, ಕಾವಿನಲ್ಲಿ ಉಳಿಯುವುದು ಬಹಳ.

ಗ್ರಾಫಿಕ್ಸಿನಲ್ಲಿ ಇದೇ ಲೆಕ್ಕ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಅಲ್ಲಿ ಸಾಮಾನ್ಯವಾಗಿ ಬೀಗವೂ ಇರುವುದಿಲ್ಲ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀ ಒತ್ತಿದರೆ ವೋಲ್ಟೇಜಿಗೆ ಎಷ್ಟು ವೇಗ ಅನ್ನುವ ಗೆರೆ ಬರುತ್ತದೆ. ಅಲ್ಲಿ 800 ಮಿಲಿವೋಲ್ಟ್‌ನ ಚುಕ್ಕೆಯನ್ನು ಹಿಡಿದು 1700 ಮೆಗಾಹರ್ಟ್ಸಿಗೆ ಎತ್ತುತ್ತೇನೆ, ಅದರ ಬಲಕ್ಕಿರುವ ಚುಕ್ಕೆಗಳನ್ನೆಲ್ಲ ಅದೇ ಎತ್ತರಕ್ಕೆ ಇಳಿಸಿ ಗೆರೆಯನ್ನು ಮಟ್ಟಸ ಮಾಡಿ ಅಪ್ಲೈ ಒತ್ತುತ್ತೇನೆ. ಇದಾದ ಮೇಲೆ ಚಿಪ್ಪು 800 ಮಿಲಿವೋಲ್ಟ್ ದಾಟುವುದಿಲ್ಲ. ನನ್ನ ಮಷೀನಿನಲ್ಲಿ 95 ವ್ಯಾಟ್‌ಗೆ ತಾಗಿಕೊಂಡೇ ಇರುತ್ತಿದ್ದ ಆಟಗಳು ಈಗ 70-75ರಲ್ಲಿ ಓಡುತ್ತವೆ, ಫ್ರೇಮಿನಲ್ಲಿ ಆದ ಇಳಿಕೆ ಕಣ್ಣಿಗೆ ಬೀಳುವಂಥದ್ದಲ್ಲ. ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮ ಇದೆ. ಎನ್‌ವಿಡಿಯಾ ಚಿಪ್ಪು ಕಾದಂತೆಲ್ಲ 15 ಮೆಗಾಹರ್ಟ್ಸಿನ ಮೆಟ್ಟಿಲಲ್ಲಿ ವೇಗ ಇಳಿಸುತ್ತದೆ, ಅಂದರೆ ಗೆರೆಯೇ ಕೆಳಗೆ ಸರಿಯುತ್ತದೆ. ತಣ್ಣಗಿರುವಾಗ ಗೆರೆ ಎಳೆದರೆ ಆಟದ ಹೊತ್ತಿಗೆ 1700 ಇದ್ದದ್ದು 1670 ಆಗಿರುತ್ತದೆ. ಆಟ ಆಡಿ ಮಷೀನು ಕಾದಿರುವಾಗಲೇ ಗೆರೆ ಹೊಂದಿಸಿ.

ಪ್ರತಿ ಚಿಪ್ಪಿನ ತಾಳಿಕೆ ಬೇರೆ. 800ಕ್ಕೆ 1700 ತಡೆಯದಿದ್ದರೆ ಪರದೆ ಒಂದು ಕ್ಷಣ ಕಪ್ಪಾಗಿ ಆಟ ತಾನಾಗಿ ಮುಚ್ಚಿಕೊಳ್ಳುತ್ತದೆ, ಡ್ರೈವರ್ ಮತ್ತೆ ಏಳುತ್ತದೆ. ಆಗ 1650ಕ್ಕೆ ಇಳಿಸಿ, ಇಲ್ಲವೇ ಒಂದು ಚುಕ್ಕೆ ಬಲಕ್ಕೆ ಹೋಗಿ. ಬೆಂಚ್‌ಮಾರ್ಕ್ ದಾಟಿದ ಮಾತ್ರಕ್ಕೆ ಗಟ್ಟಿ ಎಂದು ತಿಳಿಯಬೇಡಿ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಬರೆಯುವ ಬಗೆ) ಇರುವ ಆಟವನ್ನು ಒಂದು ತಾಸು ಓಡಿಸಿ. ಗಟ್ಟಿಯಾಗುವವರೆಗೆ ವಿಂಡೋಸ್ ಜೊತೆ ತಾನಾಗಿ ಅಪ್ಲೈ ಆಗುವ ಗುಂಡಿ ಒತ್ತಲೇಬೇಡಿ.

ಫ್ರೇಮ್ ಮಿತಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಗರಿಷ್ಠ ಫ್ರೇಮ್ ರೇಟ್ ಎಂಬುದನ್ನು ಕಥೆಯ ಆಟಗಳಿಗೆ 60, ಗುಂಡಿನ ಆಟಗಳಿಗೆ 90 ಅಥವಾ 100 ಹಾಕಿ. ಮಿತಿ ಇಲ್ಲದಿದ್ದರೆ ಕೆಲವು ಆಟಗಳು ಬರೀ ಮೆನು ಪರದೆಯಲ್ಲೇ ಸೆಕೆಂಡಿಗೆ 300 ಫ್ರೇಮ್ ಚಿತ್ರಿಸುತ್ತಾ ಮಷೀನನ್ನು ಕಾಯಿಸುತ್ತವೆ.

ಇನ್ನು ಧೂಳು. ನಮ್ಮ ಕಡೆಯ ಧೂಳು ಬೆಂಗಳೂರಿನದಲ್ಲ. ಡಿಸೆಂಬರಿನಿಂದ ತೊಗರಿ ರಾಶಿಯ ಹೊಟ್ಟು, ವರ್ಷವಿಡೀ ದಾಲ್ ಮಿಲ್ಲಿನ ಪುಡಿ, ಶಹಾಬಾದ್, ವಾಡಿ, ಸೇಡಂ ಕಡೆಯಾದರೆ ಕಲ್ಲಿನ ಮತ್ತು ಸಿಮೆಂಟಿನ ಪುಡಿ, ಮಾರ್ಚಿನ ಗಾಳಿಗೆ ಎರೆಮಣ್ಣು. ಇದೆಲ್ಲ ಸೇರಿ ಫ್ಯಾನ್ ಬಾಯಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಒಂದು ಪದರ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ರೆಕ್ಕೆಗಳು ಥಳಥಳ ಅನ್ನುತ್ತಿರುತ್ತವೆ, ಪದರ ಇರುವುದು ಒಳಮಗ್ಗುಲಲ್ಲಿ. ‘ಬಿಡ್ರಿ ಅಣ್ಣಾ, ಹೊರಗಿಂದ ಬ್ಲೋವರ್ ಹೊಡದ್ರ ಸಾಕು’ ಅಂತ ರಿಪೇರಿ ಅಂಗಡಿಯಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ಹೊರಗಿನಿಂದ ಹೊಡೆದ ಗಾಳಿ ಆ ಪದರವನ್ನು ಫ್ಯಾನಿನೊಳಕ್ಕೆ ತಳ್ಳುತ್ತದೆ, ಫ್ಯಾನ್ ಆಡುವಾಗ ಅದು ಮತ್ತೆ ಬಂದು ಅಲ್ಲೇ ಕೂರುತ್ತದೆ. ಮೇಲಾಗಿ ಬ್ಲೋವರ್ ಗಾಳಿಗೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಯುಗಾದಿಗೆ ಮುಂಚೆ ಒಮ್ಮೆ, ದಸರಾ ಮುಗಿದ ಮೇಲೆ ಒಮ್ಮೆ ಕೆಳಮುಚ್ಚಳ ಬಿಚ್ಚುತ್ತೇನೆ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಕಾಗದದ ಮೇಲೆ ಮಷೀನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಬೇಕು, ಉಳಿದದ್ದೆಲ್ಲ ಆಮೇಲೆ. ನಂತರ ಫ್ಯಾನಿನ ಎಲೆಯನ್ನು ಬೆರಳಿನಿಂದ ಅದುಮಿ ಹಿಡಿದು, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಪದರವನ್ನು ಸಡಿಲಿಸಿ ಚಿಮಟದಿಂದ ಎತ್ತಿ ತೆಗೆಯಬೇಕು.

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ತೆಳ್ಳನೆಯ ಸಾಮಾನ್ಯ ಪೇಸ್ಟು ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ನಿಲ್ಲುವುದಿಲ್ಲ. ಕಾದು ಆರಿ, ಕಾದು ಆರಿ ಅಂಚಿಗೆ ಹಿಂಡಿಕೊಂಡು ಹೋಗಿ ಕೆಲವೇ ತಿಂಗಳಲ್ಲಿ ನಡುವೆ ಬರಿದಾಗುತ್ತದೆ. ನಾನು ಹಾಕುವುದು ಹನಿವೆಲ್‌ನ ಪಿಟಿಎಂ7950 ಹಾಳೆ. ಇದು ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಚಿಪ್ಪಿಗೂ ತಾಮ್ರಕ್ಕೂ ನಡುವಿನ ಸಂದು ತುಂಬುತ್ತದೆ. ಬೇಸಿಗೆಯಲ್ಲಿ ಇದನ್ನು ಹಾಗೇ ಬಿಡಿಸಲು ಹೋದರೆ ಬೆರಳಿಗೆ ಅಂಟಿ ಹರಿಯುತ್ತದೆ. ಕವರಿನ ಸಮೇತ 15 ನಿಮಿಷ ಫ್ರಿಜ್ಜಿನಲ್ಲಿಟ್ಟು, ಚಿಪ್ಪಿನ ಅಳತೆಗೆ ಕತ್ತರಿಸಿ, ಒಂದು ಮಗ್ಗುಲಿನ ಪ್ಲಾಸ್ಟಿಕ್ ತೆಗೆದು ಕೂರಿಸಿ, ಮತ್ತೊಂದನ್ನು ಮೂಲೆಯಿಂದ ನಿಧಾನ ಬಿಡಿಸಬೇಕು. ಹಳೆಯ ಪೇಸ್ಟನ್ನು ಮೊದಲೇ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿರಬೇಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3 ಎಂದು ಕೆತ್ತಿರುತ್ತಾರೆ, ಅದೇ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಮೊದಲ ದಿನ ಫಲ ಪೂರ್ತಿ ಕಾಣುವುದಿಲ್ಲ, ಕೆಲವು ಸಲ ಕಾದು ಆರಿದ ಮೇಲೆ ಉಷ್ಣತೆ ಇಳಿದು ನಿಲ್ಲುತ್ತದೆ. ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡ್ ಹರಿಯದಿದ್ದರೆ ಮುಟ್ಟಬೇಡಿ. ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್ಪಿಗೆ ಸರಿಯಾಗಿ ತಾಗುವುದಿಲ್ಲ. ಪೇಸ್ಟಿನ ಬದಲು ಕೆಲವರು ಬಳಸುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಮನೆಯಲ್ಲಿ ಹಾಕುವ ವಸ್ತುವಲ್ಲ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಒಂದು ಹನಿ ಜಾರಿದರೆ ಬೋರ್ಡು ಶಾರ್ಟ್ ಆಗುತ್ತದೆ.

ಕೋಣೆಯಲ್ಲಿ ಮಾಡಬೇಕಾದದ್ದು ಕಡಿಮೆ. ಲ್ಯಾಪ್‌ಟಾಪಿನ ಹಿಂಭಾಗವನ್ನು 3 ಸೆಂಟಿಮೀಟರ್ ಎತ್ತರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಅಡಾಪ್ಟರ್ ಹಾಸಿಗೆ ಮೇಲೆ ಬೇಡ, ನೆಲದ ಪರಸಿ ಕಲ್ಲಿನ ಮೇಲಿರಲಿ, ತಣ್ಣನೆಯ ಕಲ್ಲು ಅದರ ಕಾವನ್ನು ಎಳೆದುಕೊಳ್ಳುತ್ತದೆ. ನೀರಿನ ಕೂಲರ್ ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿನಲ್ಲಿ ಕೋಣೆಯನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಅದರ ಗಾಳಿ ನೇರ ಲ್ಯಾಪ್‌ಟಾಪಿಗೆ ಬೀಳಬಾರದು. ಬೋರಿನ ಗಡಸು ನೀರಿನ ತುಂತುರು ಒಳಗೆ ಹೋಗಿ ಆರಿದಲ್ಲಿ ಬಿಳಿ ಉಪ್ಪು ಕೂರುತ್ತದೆ. ಜುಲೈ ನಂತರ ಗಾಳಿಯಲ್ಲೇ ತೇವ ಇರುವಾಗ ಕೂಲರ್‌ನಿಂದ ತಂಪೂ ಇಲ್ಲ, ತೇವ ಮಾತ್ರ ಹೆಚ್ಚುತ್ತದೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು, ಹಾಗಾಗಿ ಬೀದರಿನಲ್ಲಿ ಕಾವು ಸ್ವಲ್ಪ ಕಡಿಮೆ. ಬೀದರಿನವರು ನಾನು ಹೇಳಿದ ಬೇಸಿಗೆ ಮಿತಿಗೆ 5 ವ್ಯಾಟ್ ಸೇರಿಸಿ ನೋಡಬಹುದು, ಯಾದಗಿರಿಯವರು ಹಾಗೇ ಇಟ್ಟುಕೊಳ್ಳಲಿ.

ಕರೆಂಟ್ ಹೋದಾಗಿನ ಲೆಕ್ಕ ಬೇರೆ. ಮನೆಯ ಇನ್ವರ್ಟರಿಗೆ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಇದೆ ಅಂದುಕೊಳ್ಳಿ. ಲೆಕ್ಕಕ್ಕೆ 1800 ವ್ಯಾಟ್-ಅವರ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು 700 ಚಿಲ್ಲರೆ. ಆಟಕ್ಕೆ 150 ವ್ಯಾಟ್, ಸೀಲಿಂಗ್ ಫ್ಯಾನಿಗೆ 75 ಎಂದರೆ 3 ತಾಸು. ಅದೇ ಲ್ಯಾಪ್‌ಟಾಪನ್ನು 30 ವ್ಯಾಟ್‌ಗೆ ಇಳಿಸಿದರೆ ಫ್ಯಾನಿನ ಜೊತೆ 6 ತಾಸು ದಾಟುತ್ತದೆ. ಮನೆಮಂದಿ ರಾತ್ರಿ ಫ್ಯಾನ್ ಇಲ್ಲದೆ ಮಲಗುವ ಹಾಗೆ ಮಾಡುವುದು ಸರಿಯಲ್ಲ. 30ಕ್ಕೆ ಇಳಿಸುವುದು ಹೀಗೆ: ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿ 99 ಶೇಕಡಾ ಮಾಡಿದರೆ ಟರ್ಬೋ ನಿಲ್ಲುತ್ತದೆ, ದೊಡ್ಡ ಕೋರುಗಳು 2.3 ಗಿಗಾಹರ್ಟ್ಸಿನ ಆಸುಪಾಸಿಗೆ ಬರುತ್ತವೆ. ಪರದೆ 60 ಹರ್ಟ್ಸ್. ಎನ್‌ವಿಡಿಯಾ ಚಿಪ್ಪು ಮಲಗಿ ಇಂಟೆಲ್ ಗ್ರಾಫಿಕ್ಸ್ ಮಾತ್ರ ಓಡಬೇಕು. ಹಿಂದೆ ತೆರೆದಿಟ್ಟ ಒಂದು ಲಾಂಚರ್ (ಆಟಗಳನ್ನು ತೆರೆಯುವ ಸಾಫ್ಟ್‌ವೇರ್) ಸಾಕು ಅದನ್ನು ಎಚ್ಚರ ಇಡಲು, ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿ ಮುಚ್ಚಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಅಡಾಪ್ಟರ್ ಗುಂಯ್‌ಗುಡುತ್ತಾ ಹೆಚ್ಚು ಕಾಯುತ್ತಿದ್ದರೆ ಅದರ ಮೇಲೆ ಆಟ ಬೇಡವೇ ಬೇಡ.

ಲ್ಯಾಪ್‌ಟಾಪಿನ ಬ್ಯಾಟರಿಗೆ ಕಾವು ಮತ್ತು ತುಂಬಿದ ಚಾರ್ಜ್ ಎರಡೂ ಒಟ್ಟಿಗೆ ಸೇರುವುದು ಅತಿ ಕೆಟ್ಟದ್ದು. ಸದಾ ಪ್ಲಗ್‌ನಲ್ಲೇ ಇರುವುದಾದರೆ ಚಾರ್ಜ್ ಮಿತಿ ಬೇಸಿಗೆಯಲ್ಲಿ 60 ಶೇಕಡಾ, ಉಳಿದ ತಿಂಗಳು 80 ಇಡಿ. ಪ್ಲಗ್‌ನಲ್ಲಿ ಇದ್ದೂ ಆಟದ ನಡುವೆ ಚಾರ್ಜ್ ಇಳಿಯುತ್ತಿದ್ದರೆ ಅಡಾಪ್ಟರ್ ಸಾಲದೆ ಮಷೀನು ಬ್ಯಾಟರಿಯಿಂದ ಎರವಲು ಪಡೆಯುತ್ತಿದೆ ಎಂದರ್ಥ. ವ್ಯಾಟ್ ಮಿತಿ ಹಾಕಿದ ಮೇಲೆ ಇದು ತಾನಾಗಿ ನಿಲ್ಲಬೇಕು.

ಲೋಹದ ಮೈ ಮುಟ್ಟಿದಾಗ ಚುರುಚುರು ಅಂದರೆ ಅದು ಅರ್ಥಿಂಗ್ ದೋಷ. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರುಗಳ ಸೋರಿಕೆ ನೆಲಕ್ಕೆ ಇಳಿಯಲು ದಾರಿ ಸಿಗದೆ ಮೈಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ಬದಲಿಸಿ. ಪ್ಲಗ್ ಸರಿ ಇದ್ದೂ ಬೇಸಿಗೆಯಲ್ಲಷ್ಟೇ ಚುರುಗುಟ್ಟಿದರೆ ಅರ್ಥ್ ಗುಂಡಿಯ ಸುತ್ತಲಿನ ಮಣ್ಣು ಒಣಗಿ ಬಿರಿದಿರುತ್ತದೆ. ವಾರಕ್ಕೆ ಎರಡು ಸಲ ಒಂದೆರಡು ಕೊಡ ನೀರು ಹಾಕಿ, ಆಮೇಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಗುಂಡಿಯ ತಂತಿ ತುಕ್ಕು ತಿಂದಿದೆಯೇ ಎಂದು ನೋಡಿಸಿ.