ರೋಟರಿ ಇಂಜಿನ್ ಬಿಚ್ಚಿದಾಗ ಚಿಕ್ಕ ಸಾಮಾನುಗಳನ್ನು ನಾನು ಇಟ್ಟುಕೊಂಡ ರೀತಿ

ಪಿಸ್ಟನ್ ಇಂಜಿನ್ ಬಿಚ್ಚಿ ಅಭ್ಯಾಸ ಇರುವವರಿಗೆ ರೋಟರಿ ಇಂಜಿನ್ ನೋಡಿದರೆ ಮೊದಲು ಖುಷಿಯಾಗುತ್ತದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಒಳಗೆ ತಿರುಗುವ ದೊಡ್ಡ ಸಾಮಾನು ಅಂದರೆ ಎರಡು ರೋಟರ್ (ಪಿಸ್ಟನ್ ಬದಲಿಗೆ ತಿರುಗುವ, ಮೂರು ತುದಿಯ ತ್ರಿಕೋನದಂಥ ತುಂಡು), ಅವು ತಿರುಗಿಸುವ ಒಂದು ಎಕ್ಸೆಂಟ್ರಿಕ್ ಶಾಫ್ಟ್, ಅಷ್ಟೇ. ಮೊದಲ ರೋಟರ್ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ, ಲೆಕ್ಕ ಇರುವುದೆಲ್ಲ ಚೂರುಪಾರಿನಲ್ಲಿ ಅಂತ.

ನಾನು ಬಿಚ್ಚಿದ್ದು 1983ರ ಮಜ್ದಾ ಆರ್‌ಎಕ್ಸ್-7 ಕಾರಿನ 12ಎ ಇಂಜಿನ್. ಒಂದೊಂದು ರೋಟರ್‌ಗೆ 573 ಸಿಸಿ. ಮೆಲ್ಬರ್ನ್‌ನಲ್ಲಿ ಈ ಕಾರುಗಳ ಹುಚ್ಚು ಇರುವವರು ಸುಮಾರು ಜನ ಇದ್ದಾರೆ, ನನಗೂ ಅದು ಅಂಟಿಕೊಂಡಿದ್ದು ಇಲ್ಲೇ. ಕೆಲಸ ನಡೆದದ್ದು ಮನೆಯ ಗ್ಯಾರೇಜಿನಲ್ಲಿ, ಸಂಜೆ ಹೊತ್ತು, ಆಫೀಸು ಮುಗಿಸಿಕೊಂಡು. ಅಂದರೆ ಇವತ್ತು ಇಟ್ಟಿದ್ದನ್ನು ಮುಟ್ಟುವುದು ಮುಂದಿನ ವಾರವೂ ಇರಬಹುದು. ನೆನಪನ್ನು ನಂಬಿ ಕೂರುವ ಹಾಗಿಲ್ಲ.

ಸೀಲ್ ಅಂದರೆ ಸಂದಿನಿಂದ ಗ್ಯಾಸು, ಎಣ್ಣೆ ಸೋರದ ಹಾಗೆ ತಡೆಯುವ ಚೂರು. ಒಂದು ರೋಟರ್‌ಗೆ ಮೂರು ಅಪೆಕ್ಸ್ ಸೀಲ್ (ತುದಿಗೊಂದು), ಆರು ಕಾರ್ನರ್ ಸೀಲ್ (ಪ್ರತಿ ತುದಿಯ ಎರಡೂ ಬದಿಗೆ), ಆರು ಸೈಡ್ ಸೀಲ್ (ಪಕ್ಕದ ಮುಖಗಳಿಗೆ), ನಾಲ್ಕು ಆಯಿಲ್ ಸೀಲ್ ರಿಂಗ್. ಪ್ರತಿಯೊಂದರ ಕೆಳಗೂ ಸ್ಪ್ರಿಂಗ್. ಆಯಿಲ್ ಸೀಲಿಗೆ ಓ-ರಿಂಗ್ ಬೇರೆ. ಅಪೆಕ್ಸ್ ಸೀಲ್ ಕೂಡ ಒಂದೇ ತುಂಡಲ್ಲ, ತುದಿಯಲ್ಲಿ ಪುಟ್ಟ ತ್ರಿಕೋನದ ಚೂರು ಇರುತ್ತದೆ. ಇಷ್ಟನ್ನೂ ಎರಡರಿಂದ ಗುಣಿಸಿ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಏನು? ಒಂದೇ ಜಾತಿಯದನ್ನೆಲ್ಲ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೆ ಹೆಸರು ಬರೆಯುವುದು. ಇಲ್ಲಿ ಅದು ಬೇಡವೇ ಬೇಡ. ಹನ್ನೆರಡು ಕಾರ್ನರ್ ಸೀಲ್ ಒಂದೇ ಕವರಿನಲ್ಲಿದ್ದರೆ ಒಂದೂ ಕಳೆದಿಲ್ಲ ನಿಜ, ಆದರೆ ಯಾವುದು ಎಲ್ಲಿಯದು ಅಂತ ಹೇಳುವವರು ಯಾರು? ಕಳೆದುಹೋದದ್ದು ಕೊನೆಗೆ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಅದಲುಬದಲಾದದ್ದು ಸಿಕ್ಕಿಬೀಳುವುದಿಲ್ಲ. ಅದಕ್ಕೇ ನಾನು ಹೆಸರಿನ ಪ್ರಕಾರ ಇಡಲಿಲ್ಲ, ಜಾಗದ ಪ್ರಕಾರ ಇಟ್ಟೆ.

ಜಾಗ ಅಂದರೆ ಮೂರು ವಿಷಯ: ಯಾವ ರೋಟರ್, ಯಾವ ಮುಖ (ಮುಂದಿನದೋ ಹಿಂದಿನದೋ), ಯಾವ ತುದಿ. ರೋಟರಿನ ಹಲ್ಲಿನ ಗಿಯರ್ ಇರುವ ಕಡೆ ತೂಕದ ದರ್ಜೆಯ ಒಂದು ಅಕ್ಷರ ಹೊಡೆದಿರುತ್ತದೆ. ಆ ಅಕ್ಷರಕ್ಕೆ ಹತ್ತಿರದ ತುದಿ 1. ಅಲ್ಲಿಂದ ಗಡಿಯಾರ ತಿರುಗುವ ದಿಕ್ಕಿಗೆ 2, 3. ಇಲ್ಲೊಂದು ಮೋಸ ಇದೆ. ರೋಟರನ್ನು ಮಗುಚಿ ಹಾಕಿದರೆ ಎಣಿಕೆ ಉಲ್ಟಾ ಆಗುತ್ತದೆ. ಹಾಗಾಗಿ ಮಗುಚುವ ಮೊದಲೇ ಮೂರೂ ತುದಿಗಳ ನಂಬರನ್ನು ಪೇಂಟ್ ಪೆನ್ನಿನಲ್ಲಿ ಎರಡೂ ಮುಖಕ್ಕೆ ಬರೆದುಬಿಡಬೇಕು. ಪಂಚ್ ಹಿಡಿದು ಕುಟ್ಟುವುದು ನನಗೆ ಇಷ್ಟವಿಲ್ಲ. ಸೈಡ್ ಸೀಲ್ ಎರಡು ತುದಿಗಳ ನಡುವೆ ಕೂರುವುದರಿಂದ ಅದಕ್ಕೆ 1-2, 2-3, 3-1 ಅಂತ ಗುರುತು.

ಡಬ್ಬಿ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಹಳೆಯ ಸ್ಟೀಲ್ ಇಡ್ಲಿ ಸ್ಟ್ಯಾಂಡ್. "ಇದು ಮತ್ತೆ ಅಡುಗೆಮನೆಗೆ ಬರೋ ಹಾಗಿಲ್ಲ ನೋಡಿ" ಅಂತ ಹೇಳಿಯೇ ನನ್ನಾಕೆ ಕೊಟ್ಟಳು. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಎರಡು ರೋಟರಿಗೆ ಮುಖಗಳೂ ನಾಲ್ಕೇ ಅಲ್ವಾ? ಮುಖಕ್ಕೊಂದು ತಟ್ಟೆ. ಮೂರು ಗುಳಿಯಲ್ಲಿ ಮೂರು ತುದಿಯ ಕಾರ್ನರ್ ಸೀಲ್ ಮತ್ತು ಅದರ ಸ್ಪ್ರಿಂಗ್. ನಾಲ್ಕನೆಯ ಗುಳಿ ಅನುಮಾನದ್ದು, ಎಲ್ಲಿಂದ ಬಿತ್ತು ಅಂತ ಖಾತ್ರಿ ಇಲ್ಲದಿದ್ದರೆ ಅಲ್ಲಿಗೆ. ಇಂಜಿನ್ನನ್ನು ಮುಂಭಾಗ ಕೆಳಗೆ ಮಾಡಿ ನಿಲ್ಲಿಸಿ, ಹಿಂದಿನಿಂದ ಬಿಚ್ಚುತ್ತಾ ಬರುತ್ತೇವೆ. ತಟ್ಟೆಗಳೂ ಅದೇ ಕ್ರಮದಲ್ಲಿ: ಹಿಂದಿನ ರೋಟರಿನ ಹಿಂದಿನ ಮುಖ ಎಲ್ಲಕ್ಕಿಂತ ಮೇಲೆ.

ಇನ್ನೊಂದು ಅನುಕೂಲ ಆಮೇಲೆ ಗೊತ್ತಾಯಿತು. ತಟ್ಟೆಯಲ್ಲಿ ತೂತು ಇರುವುದರಿಂದ ತಟ್ಟೆಸಮೇತ ಸೀಮೆಎಣ್ಣೆಯಲ್ಲಿ ಅದ್ದಿ ಎತ್ತಬಹುದು. ಸಾಮಾನು ಕಲಸಿಹೋಗುವುದು ಬಿಚ್ಚುವಾಗ ಅಲ್ಲ, ತೊಳೆಯುವಾಗ. ಕಾರ್ನರ್ ಸೀಲಿನ ಒಳಗೆ ರಬ್ಬರ್ ಪ್ಲಗ್ ಇದ್ದರೆ ಮಾತ್ರ ಅದನ್ನು ಮೊದಲೇ ತೆಗೆದಿಡಿ.

ಉದ್ದದ ಸಾಮಾನುಗಳಿಗೆ ರಟ್ಟು. ದಪ್ಪ ರಟ್ಟಿನ ಮೇಲೆ ರೋಟರಿಟ್ಟು ಸುತ್ತ ಗೆರೆ ಎಳೆದರೆ ನಕ್ಷೆ ತಯಾರು. ಸೈಡ್ ಸೀಲಿನ ಜಾಗದಲ್ಲಿ ಬ್ಲೇಡಿನಿಂದ ಸೀಳಿ, ಸೀಲನ್ನು ಅಲ್ಲೇ ಸಿಕ್ಕಿಸಿದೆ. ಮ್ಯಾಗ್ನೆಟ್ ತಟ್ಟೆ ಬೋಲ್ಟ್‌ಗಳಿಗೆ ಸರಿ, ಸೀಲುಗಳನ್ನು ನಾನು ಅದರ ಹತ್ತಿರ ಬಿಡುವುದಿಲ್ಲ. ಕಬ್ಬಿಣದ ಪುಡಿ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಹಿಂದಿನ ಹೌಸಿಂಗ್, ಅಂದರೆ ರೋಟರನ್ನು ಹಿಂದಿನಿಂದ ಮುಚ್ಚಿರುವ ಕವಚ, ಎತ್ತುವಾಗ ಅವಸರ ಬೇಡ. ಎಣ್ಣೆಯ ಜಿಗುಟಿಗೆ ಸೀಲುಗಳು ಹೌಸಿಂಗಿಗೇ ಅಂಟಿ ಮೇಲೆ ಬರುತ್ತವೆ, ಒಂದು ಅಡಿ ಎತ್ತಿದ ಮೇಲೆ ಉದುರುತ್ತವೆ. ಸ್ವಲ್ಪ ಎತ್ತಿ, ಟಾರ್ಚ್ ಹಾಕಿ ನೋಡಿ, ಅಂಟಿದ್ದನ್ನು ಬೆರಳಿನಿಂದ ಬಿಡಿಸಿ ಆಮೇಲೆ ಪೂರ್ತಿ ಎತ್ತಬೇಕು. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ನೆಲಕ್ಕೆ ಹಳೆಯ ಬಿಳಿ ಪಂಚೆ ಹಾಸಿದ್ದೆ. ಬಿದ್ದದ್ದು ಪುಟಿದು ಓಡುವುದಿಲ್ಲ, ಕಣ್ಣಿಗೂ ಬೀಳುತ್ತದೆ.

ಆಯಿಲ್ ಸೀಲ್ ಸ್ಪ್ರಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಮಜ್ದಾದ ಮೂಲ ಸ್ಪ್ರಿಂಗ್‌ಗಳಿಗೆ ಬಣ್ಣ ಹಚ್ಚಿರುತ್ತಾರೆ. ಕೆನೆ ಬಣ್ಣದ್ದು ಎರಡೂ ರೋಟರುಗಳ ಮುಂದಿನ ಮುಖಕ್ಕೆ, ನೀಲಿ ಬಣ್ಣದ್ದು ಹಿಂದಿನ ಮುಖಕ್ಕೆ. ನಾವೋ ಗಿಯರ್ ಕಡೆ, ಖಾಲಿ ಕಡೆ ಅಂತ ಲೆಕ್ಕ ಇಟ್ಟಿರುತ್ತೇವೆ. ಮುಂದಿನ ರೋಟರಿನ ಗಿಯರ್ ಮುಂದಕ್ಕೆ ನೋಡುತ್ತದೆ, ಹಿಂದಿನದರ ಗಿಯರ್ ಹಿಂದಕ್ಕೆ. ಅಂದರೆ ಒಂದರಲ್ಲಿ ಗಿಯರ್ ಕಡೆ ಕೆನೆ, ಇನ್ನೊಂದರಲ್ಲಿ ಗಿಯರ್ ಕಡೆ ನೀಲಿ. ಹಳೆಯ ಇಂಜಿನ್ನಿನಲ್ಲಿ ಆ ಬಣ್ಣ ತೊಳೆದಾಗ ಹೋಗಿಬಿಡಬಹುದು. ತೊಳೆಯುವ ಮೊದಲೇ ಚೀಟಿ ಕಟ್ಟಿ.

ಹೊಸ ಸೀಲ್ ಹಾಕುವುದಾದರೆ ಹಳೆಯದರ ಲೆಕ್ಕ ಯಾಕೆ ಅಂತ ಕೇಳುವವರಿದ್ದಾರೆ. ಹಳೆಯದು ಹೇಗೆ ಸವೆದಿದೆ ಅನ್ನುವುದೇ ಆ ಜಾಗದಲ್ಲಿ ಏನು ನಡೆಯುತ್ತಿತ್ತು ಅಂತ ತಿಳಿಸುತ್ತದೆ. ಒಂದೇ ತುದಿಯ ಸೀಲ್ ಜಾಸ್ತಿ ಸವೆದಿದ್ದರೆ ಆ ತುದಿಯಲ್ಲಿ ಸೀಲ್ ಕೂರುವ ತೋಡನ್ನೇ ಮೊದಲು ಅಳೆಯುತ್ತೇನೆ. ಇನ್ನು ಹೊಸದರ ಕಥೆ. ಹೊಸ ಸೈಡ್ ಸೀಲ್ ಉದ್ದ ಜಾಸ್ತಿ ಇದ್ದರೆ ಅದರ ತೋಡಿಗೆ ತಕ್ಕಂತೆ ತುದಿಯನ್ನು ಅರದಿಂದ ಉಜ್ಜಬೇಕು. ಒಂದು ತುದಿ ಕಾರ್ನರ್ ಸೀಲಿಗೆ ಒತ್ತಿ, ಇನ್ನೊಂದು ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿದರೆ ಸಂದು 0.05ರಿಂದ 0.15 ಮಿ.ಮೀ. ಇರಬೇಕು. ಹಾಗೆ ಉಜ್ಜಿದ ಸೀಲ್ ಆ ಒಂದು ತೋಡಿಗೆ ಮಾತ್ರ ಸೇರಿದ್ದು. ಹನ್ನೆರಡನ್ನೂ ಉಜ್ಜಿ ಒಟ್ಟಿಗೆ ಗುಡ್ಡೆ ಹಾಕಿದರೆ ಮತ್ತೆ ಮೊದಲಿಂದ ಅಳೆಯುತ್ತಾ ಕೂರಬೇಕು. ಹಾಗಾಗಿ ಉಜ್ಜಿದ್ದು ಸೀದಾ ರಟ್ಟಿಗೆ, ಹಳೆಯದು ಅದೇ ನಂಬರಿನ ಕವರಿಗೆ. ಜೋಡಿಸುವಾಗ ವ್ಯಾಸಲಿನ್ ಸವರಿದರೆ ಎಲ್ಲವೂ ಜಾಗದಲ್ಲಿ ಕೂತಿರುತ್ತದೆ.

ಫೋಟೋ ತೆಗೆದರೆ ಸಾಕಲ್ಲವಾ? ಬೋಲ್ಟು, ಪೈಪು, ವೈರಿಗೆ ಸಾಕು. ಸೀಲಿನ ಫೋಟೋ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ. ಪಕ್ಕದಲ್ಲಿ ನಂಬರಿನ ಚೀಟಿ ಇಟ್ಟು ತೆಗೆದರೆ ಉಪಯೋಗ.

ಶಾಫ್ಟಿನ ಮುಂದಿನ ತುದಿಯಲ್ಲಿರುವ ಬಳೆಯಂಥ ಸಾಮಾನುಗಳಿಗೆ, ಅಂದರೆ ಥ್ರಸ್ಟ್ ಪ್ಲೇಟ್, ನೀಡಲ್ ಬೇರಿಂಗ್, ಸ್ಪೇಸರ್, ಇವುಗಳಿಗೆ ಗುಳಿ ಬೇಡ, ತಂತಿ ಸಾಕು. ಬಿಚ್ಚಿದ ಹಾಗೇ ಬೈಂಡಿಂಗ್ ತಂತಿಗೆ ಪೋಣಿಸಿ, ಮುಂದಿನ ಕಡೆಯ ತುದಿಗೆ ಕೆಂಪು ಟೇಪ್ ಸುತ್ತಿದೆ. ಸ್ಪೇಸರ್ ಮೇಲೆ ಒಂದು ಅಕ್ಷರ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ ಇರುವ ಬೇರೆ ಬೇರೆ ಸ್ಪೇಸರ್‌ಗಳಿವೆ, ಶಾಫ್ಟಿನ ಎಂಡ್ ಪ್ಲೇ, ಅಂದರೆ ಅದು ಹಿಂದೆ ಮುಂದೆ ಎಷ್ಟು ಆಡುತ್ತದೆ ಅನ್ನುವುದು, ನಿಲ್ಲುವುದು ಅದರ ಮೇಲೆ. ಮುಂದಿನ ಬೋಲ್ಟ್ ಬಿಗಿಯುವ ತನಕ ಶಾಫ್ಟ್ ಹಿಂದಕ್ಕೆ ಜಾರಬಾರದು. ಜಾರಿದರೆ ನೀಡಲ್ ಬೇರಿಂಗ್ ಜಾಗ ತಪ್ಪಿ ಸ್ಪೇಸರ್ ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಬಿಗಿದ ಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಹಿಂದೆ ಮುಂದೆ ಆಡಿಸಿ ನೋಡಿ. 0.04ರಿಂದ 0.07 ಮಿ.ಮೀ. ಒಳಗೆ ಬಂದರೆ ಸರಿ. ಆಟವೇ ಇಲ್ಲದಿದ್ದರೆ ಬೇರಿಂಗ್ ಸಿಕ್ಕಿಕೊಂಡಿರಬಹುದು, ಬಿಚ್ಚಿ ನೋಡದೆ ಮುಂದಕ್ಕೆ ಹೋಗಬೇಡಿ.